ನಕ್ಷೆಯಲ್ಲೊಂದು ಹಳ್ಳ

ಮನೆಯಿಂದ,
ಜೂನ್ ೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ಮೊಣಕಾಲು ನೋವು ಹೇಗಿದೆ? ಬಾಣಂತಿ, ಕೂಸು ಇಬ್ಬರೂ ಕ್ಷೇಮವೇ? ಮಗಳ ಆರೈಕೆಯ ಭರದಲ್ಲಿ ಊಟ ತಪ್ಪಿಸಬೇಡಿ. ನಾನು ಇಲ್ಲಿಂದಲೇ ಗದರುತ್ತಿದ್ದೇನೆ ಎಂದುಕೊಳ್ಳಿ. ನಿಮ್ಮ ಮಗ ಅಡುಗೆ ಕಲಿಯುತ್ತಿದ್ದಾರೆ. ಪಾತ್ರೆಗಳು ಕರಿ ಹಿಡಿದಿವೆ, ನಾವಂತೂ ಬದುಕಿದ್ದೇವೆ.

ಕಚೇರಿಯಲ್ಲಿ ನನ್ನ ಕೆಲಸ ಏನೆಂದು ಕೇಳುತ್ತಲೇ ಇದ್ದಿರಿ. ನೆಲದ ಏರುತಗ್ಗಿನ ಅಳತೆಯನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಎಲ್ಲಿ ಬಿದ್ದ ಮಳೆ ಯಾವ ಹಳ್ಳಕ್ಕೆ ಇಳಿಯುತ್ತದೆ ಎಂದು ಅದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಹಳ್ಳಕ್ಕೆ ನೀರು ಕೊಡುವ ಅಷ್ಟೂ ನೆಲವೇ ಅದರ ಜಲಾನಯನ ಪ್ರದೇಶ. ಊರಿನ ಸಣ್ಣ ಹಳ್ಳಗಳನ್ನು ಹೀಗೆ ಒಂದೊಂದಾಗಿ ನೋಡುತ್ತಿದ್ದಾಗ, ಮಕ್ಕಳ ಆಸ್ಪತ್ರೆ ಕಟ್ಟಲು ಗೊತ್ತುಮಾಡಿದ್ದ ಬಯಲಿನ ನಟ್ಟನಡುವೆಯೇ ಒಂದು ನೀಲಿ ಗೆರೆ ಹಾದುಹೋಗಿದ್ದು ಕಂಡಿತು. ಸಭೆಯಲ್ಲಿ ಹೇಳಿದೆ. ಹಿರಿಯ ಎಂಜಿನಿಯರ್ "ಅಲ್ಲಿ ಹಳ್ಳ ಎಲ್ಲಿದೆಯಮ್ಮಾ? ನಿಮ್ಮ ಕಂಪ್ಯೂಟರ್ ಕನಸು ಕಂಡಿರ್ಬೇಕು" ಎಂದರು. ಎಲ್ಲರೂ ನಕ್ಕರು. ಆದರೂ "ಸಾರ್, ಒಂದ್ಸಲ ಬಂದು ನೋಡಿ. ತಪ್ಪಾಗಿದ್ರೆ ನಾನೇ ಗೆರೆ ಅಳಿಸ್ತೀನಿ" ಎಂದುಬಿಟ್ಟೆ.

ದೊಡ್ಡ ಮನಸ್ಸು, ಬಂದರು. ಬಯಲೇನೋ ಒಣಗಿ ಬಿರುಕು ಬಿಟ್ಟಿತ್ತು. ಗೆರೆ ರಸ್ತೆ ದಾಟುವ ಕಡೆ ಪೊದೆ ಸರಿಸಿದರೆ ಆಳೆತ್ತರದ ಹಳೆಯ ಮೋರಿ. ಬಾಯಿ ತುಂಬ ಕಲ್ಲುಮಣ್ಣು, ಹರಕು ಟೈರು. ಅವರು ಬಗ್ಗಿ ನೋಡಿ, ಕೈ ಚಾಚಿ ಅದರ ಎತ್ತರ ಅಳೆದರು. "ನೀರೇ ಬರದ ಕಡೆ ಇಷ್ಟು ದೊಡ್ಡ ಮೋರಿ ಯಾರು ಕಟ್ತಾರೆ? ಮಳೆ ಜೋರಾದ್ರೆ ಹಳ್ಳ ಬಂದೇ ಬರತ್ತೆ. ಒಳ್ಳೇ ಕೆಲ್ಸ ಮಾಡಿದ್ರಿ" ಎಂದರು. ಮುಂದಿನ ಸಭೆಯಲ್ಲಿ ಅವರೇ ನನ್ನ ಪರ ಎದ್ದು ನಿಂತರು. ಆಸ್ಪತ್ರೆ ಈಗ ಮೇಲಿನ ದಿಬ್ಬದಲ್ಲಿ ಏಳಲಿದೆ.

ಮದುವೆಯಾದ ಮೇಲೆ ನಾನು ಓದು ಬಿಡುತ್ತೇನೆ ಅಂದಾಗ, "ಒಲೆ ನಾನ್ ನೋಡ್ಕೋತೀನಿ, ನೀನು ಪರೀಕ್ಷೆಗೆ ಹೋಗು" ಎಂದು ಚೀಲ ಕೈಗಿಟ್ಟು ಬಾಗಿಲು ಹಾಕಿಕೊಂಡಿರಲ್ಲ, ಆ ದಿನ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಇವತ್ತು ಆ ಬಾಗಿಲಿಗೆ ಕೈಮುಗಿಯಬೇಕು ಅನ್ನಿಸುತ್ತಿದೆ.

ಕೂಸಿಗೊಂದು ಮುತ್ತು, ನಾದಿನಿಗೆ ನನ್ನ ನೆನಪು, ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ ಸೊಸೆ

ಮತ್ತೆ: ಇದನ್ನು ಬರೆಯಲು ಕೈ ಹಿಂಜರಿಯುತ್ತಿತ್ತು. ನಿನ್ನೆ ನೀವಿರುವ ಊರಿನ ನಕ್ಷೆಯನ್ನೂ ತೆಗೆದು ನೋಡಿದೆ. ನಾದಿನಿಯ ಮನೆಯ ಹಿಂದಿನ ತಗ್ಗಿಗೆ ಸುತ್ತಲ ದಿಬ್ಬಗಳ ನೀರೆಲ್ಲ ಬಂದು ಸೇರುತ್ತದೆ. ಫೋನಿನಲ್ಲಿ ಹೇಳಿದರೆ "ಅತ್ತಿಗೆಗೆ ಈಗ ಎಲ್ಲೆಲ್ಲೂ ಹಳ್ಳಾನೇ ಕಾಣತ್ತೆ" ಎಂದು ತಮಾಷೆ ಮಾಡಿದಳು. ನಕ್ಷೆ ಜೊತೆಗಿಟ್ಟಿದ್ದೇನೆ. ನಿಮ್ಮ ಮಾತನ್ನು ಅವಳು ಮೀರುವುದಿಲ್ಲ. ಮಳೆ ಹಿಡಿಯುವ ಮೊದಲೇ ತೊಟ್ಟಿಲನ್ನು ಹಿಂದಿನ ಕೋಣೆಯಿಂದ ಮಹಡಿಗೆ ಒಯ್ಯಿಸಿ, ಅತ್ತೆ.