ಅವ್ವನ ತೂಕದ ಚೀಲ

ಯರಗುಪ್ಪಿ
ಶುಕ್ರವಾರ, ೨೪-೧೦-೧೯೮೬

ಪ್ರೀತಿಯ ಸಾವಿತ್ರಿ,

ನಿನ್ನ ಪತ್ರ ಮಂಗಳವಾರವೇ ಬಂತು. ಮೂರು ದಿನ ಅದನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಹೋಗುತ್ತ ಬರುತ್ತ ನೋಡಿದೆ. ಉತ್ತರ ಬರೆಯಲು ಕುಳಿತಾಗಲೆಲ್ಲ ಸುಳ್ಳೇ ಬರುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು ಎಂದು ಒಂದು ಸಲ ಬರೆದೆ, ತಲೆ ಸುತ್ತಿತು ಎಂದು ಇನ್ನೊಂದು ಸಲ. ಎರಡನ್ನೂ ಹರಿದು ಒಲೆಗೆ ಹಾಕಿದೆ.

"ಅಕ್ಕಾ, ಬನ್ನಿ ಹಬ್ಬದ ದಿನ ಬಂದಾಕಿ ಉಣ್ಣದ, ಬನ್ನಿ ಕೊಡದ, ಹೇಳದ ಕೇಳದ ಎದ್ದ ಹೋದೆಲ್ಲ, ನಮ್ಮಿಂದೇನ ತಪ್ಪಾತು?" ಎಂದು ಕೇಳಿದ್ದೀ. ನಿಮ್ಮಿಂದ ಏನೂ ತಪ್ಪಾಗಿಲ್ಲ. ನಿನ್ನ ಯಜಮಾನರು ಶಿದ್ಲಿಂಗಪ್ಪನವರಿಗೂ ಹೇಳು. ತಪ್ಪು ನನ್ನದು. ಅದು ಅವತ್ತಿನದಲ್ಲ, ಎರಡು ವರ್ಷದ್ದು. ನಾನು ಮಾತಿನವಳಲ್ಲ ಎಂಬುದು ನಿನಗೆ ಗೊತ್ತು. ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಸೊಸೈಟಿಯ ಡೈರಿಯಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆ ದಿನಕ್ಕೆ ನಾಲ್ಕು ಸಾಲು ಬರೆಯುತ್ತ ಬಂದಿದ್ದೇನೆ. ಅದನ್ನು ಮುಂದಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಮತ್ತೆ ಸುಳ್ಳು ಬರೆದೇನು.

ಮೊದಲು ಅವ್ವ ಬಿದ್ದ ದಿನದ್ದು ಹೇಳುತ್ತೇನೆ.

ಲಕ್ವಾ ಹೊಡೆದು ಅವ್ವನ ಎಡಗಡೆ ಹೋದ ಮೇಲೆ ಮೂರು ವರ್ಷ ಅವಳನ್ನು ಎತ್ತಿ ಕೂರಿಸಿ ಮಲಗಿಸಿದವರು ನಮ್ಮ ಮನೆಯವರು. ಮನೆ ಅಳಿಯ ಎಂದು ಊರು ಎಷ್ಟು ಆಡಿಕೊಂಡರೂ ಅವರು ಅವ್ವನಿಗೆ ಮಗನಿಗಿಂತ ಹೆಚ್ಚಾಗಿದ್ದರು. "ಏಳ್ರಿ ಅತ್ತಿ, ಗಾಡಿ ಬಂತು," ಎಂದು ಎರಡೂ ಕೈ ಚಾಚಿದರೆ ಅವ್ವ ಬಲಗೈಯನ್ನು ಅವರ ಕೊರಳಿಗೆ ಹಾಕಿ ನಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗಲೂ ನನಗೆ ಸರಿ ಅನ್ನಿಸುತ್ತಿರಲಿಲ್ಲ, ಸಾವಿತ್ರಿ. ಹೆತ್ತ ಮಗಳು ಸೆರಗು ಹಿಡಿದು ನಿಲ್ಲುವುದು, ಅವ್ವ ನಗುವುದು ಇನ್ನೊಬ್ಬರ ಕೈಯಲ್ಲಿ.

ಅವರು ಹೋದ ಮೇಲೆ ನೆರೆಯ ದಾವೂದಸಾಬರ ಹೆಂಡತಿ ಖಾದರಬಿ ಚಾಚಿ ದಿನಕ್ಕೆರಡು ಹೊತ್ತು ಬಂದು ಕೈ ಹಚ್ಚುತ್ತೇನೆ ಎಂದಳು. ನಾನು ಬೇಡವೆಂದೆ. ಈಗಲಾದರೂ ಅವ್ವ ನನ್ನೊಬ್ಬಳ ಕೈಯಲ್ಲಿ ಇರಲಿ ಎಂದುಕೊಂಡೆ. ಎಂಬತ್ನಾಲ್ಕು ಕಿಲೋದ ನನ್ನ ಮೈ ನನಗೇ ಭಾರವಾಗಿತ್ತು. ಹೋದ ವರ್ಷ ಯುಗಾದಿಯ ಹಿಂದಿನ ದಿನ ಅವಳನ್ನು ಎತ್ತಿದವಳು ಎರಡು ಹೆಜ್ಜೆ ಇಟ್ಟೆ, ಮೊಣಕಾಲು ಮಡಚಿತು, ಇಬ್ಬರೂ ಮಂಚಕ್ಕೂ ಗೋಡೆಗೂ ನಡುವೆ ಬಿದ್ದೆವು. ಅವ್ವ ತಾನೇ ಜಾರಿದಳು ಎಂದು ನಿಮಗೆಲ್ಲ ಹೇಳಿದೆ. ಮಾತು ತೊದಲುವ ಅವ್ವ ಅದನ್ನು ಸುಳ್ಳೆನ್ನಲಿಲ್ಲ. ಶಿದ್ಲಿಂಗಪ್ಪನವರು ಬಂದು ಅವಳನ್ನು ತಿರ್ಲಾಪುರದ ನಿಮ್ಮ ಮನೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ತೂಗಿದಾಗ ಮೂವತ್ತೊಂಬತ್ತು ಕಿಲೋ ಇದ್ದಳು ಎಂದು ನೀನು ಬರೆದಿದ್ದೆ. ಆ ಅಂಕೆಯನ್ನು ಡೈರಿಯಲ್ಲಿ ಬರೆದು ಸುತ್ತ ಗೆರೆ ಹಾಕಿದ್ದೇನೆ.

ಅದರ ನಂತರದ ನಿನ್ನ ಪತ್ರ ನೆನಪಿದೆಯೇ? "ಅವ್ವ ಹತ್ತಿ ಗಂಟಿನಂಗ ಹಗುರ ಅದಾಳ. ನಾ ಒಬ್ಬಾಕಿನ ಎತ್ತಿ ಕುಂಡರಸ್ತೀನಿ, ನೀ ಕಾಳಜಿ ಮಾಡಬ್ಯಾಡ." ನನ್ನ ಚಿಂತೆ ಕಡಿಮೆಯಾಗಲಿ ಎಂದೇ ಬರೆದಿರಬೇಕು. ನಾನು ಹಾಗೆ ಓದಲಿಲ್ಲ. ನೋಡು ಅಕ್ಕಾ, ನಿನ್ನ ಕೈಯಲ್ಲಿ ಆಗದ್ದು ನನ್ನ ಕೈಯಲ್ಲಿ ಎಷ್ಟು ಸಲೀಸು ಎಂದು ಓದಿದೆ. ಆಮೇಲೆ ಅವ್ವ ನಿನ್ನ ಕೈಯಿಂದಲೇ ಉಣ್ಣುತ್ತಾಳೆ ಎಂದು ನೀನು ಬರೆದೆ, ನೀನು ಹೊಲಕ್ಕೆ ಹೋದರೆ ಬಾಗಿಲು ನೋಡುತ್ತಾಳೆ ಎಂದು ಬರೆದೆ. ಒಂದೊಂದು ಪತ್ರಕ್ಕೂ ನಾನು ಒಳಗೇ ಬೆಂದೆ. ಬಾವಿಗೆ ಹೋದರೆ ಅಲ್ಲಿಯೂ ಅದೇ ಮಾತು: "ಗುರವ್ವಾ, ಸ್ವಂತ ಮನಿ ಇದ್ದೂ ಅವ್ವನ್ನ ಮಗಳ ಕೊಟ್ಟ ಮನಿಯಾಗ ಇಟ್ಟೀಯಲ್ಲ. ನಾಳೆ ಒಂದ ಹೋಗಿ ಇನ್ನೊಂದ ಆದ್ರ?" ಅವ್ವನ ಕೊನೆ ನಮ್ಮ ಅಪ್ಪ ಕಟ್ಟಿದ ಮನೆಯಲ್ಲೇ ಆಗಬೇಕು ಎಂದು ನಾನೂ ಹೇಳುತ್ತಿದ್ದೆ. ಹೇಳಲು ಚೆನ್ನಾಗಿತ್ತು. ಒಳಗಿದ್ದದ್ದು ಬೇರೆ. ಅವಳನ್ನು ನಿನ್ನಿಂದ ಬಿಡಿಸಿಕೊಳ್ಳಬೇಕಿತ್ತು.

ಮೊಣಕಾಲಿಗೆಂದು ಕುಂದಗೋಳದ ಡಾಕ್ಟರ ಹತ್ತಿರ ಹೋದೆ. ಮೊದಲು ತೂಕ ಇಳಿಸಿರಿ ಎಂದರು. ನಾಲ್ಕು ರೊಟ್ಟಿಯನ್ನು ಎರಡು ಮಾಡಿದೆ, ತುಪ್ಪ ತಿನ್ನುವುದು ಬಿಟ್ಟೆ, ಬೆಳಿಗ್ಗೆ ಹೊಲದ ತನಕ ನಡೆದೆ. ತಿಂಗಳಿಗೊಮ್ಮೆ ಅಡತಿಯಲ್ಲಿ ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲುತ್ತಿದ್ದೆ. ಮೊದಲನೆಯ ಸಲ ಆ ತೂಗುವವ ಬಜಾರಕ್ಕೆಲ್ಲ ಕೇಳುವಂತೆ ಕೂಗಿದ: "ಎಂಬತ್ನಾಕು! ಜಯಧರ ಹತ್ತಿ, ಕಸಾ ಇಲ್ಲ, ಬರಕೋರಿ!" ಸಂಕ್ರಾಂತಿಯ ಹೊತ್ತಿಗೆ ಎಪ್ಪತ್ನಾಲ್ಕಕ್ಕೆ ಬಂದೆ. ಖುಷಿಯಿಂದ ಮನೆಗೆ ಬಂದು ತುಂಬಿದ ಕೊಡ ಎತ್ತಲು ಹೋದರೆ ಅದು ಸೊಂಟಕ್ಕೇರಲಿಲ್ಲ. ಮೈಯ ಜೊತೆಗೆ ಇದ್ದಷ್ಟು ಬಲವೂ ಇಳಿದು ಹೋಗಿತ್ತು. ಸಣ್ಣಗಾಗಿಬಿಟ್ಟರೆ ಅವ್ವನನ್ನು ಎತ್ತಬಹುದು ಎಂದುಕೊಂಡಿದ್ದೆ, ಎಂಥ ಹುಚ್ಚಿ ನಾನು.

ಆಗ ಖಾದರಬಿ ಚಾಚಿಯ ಹತ್ತಿರ ಹೋದೆ. ದಾವೂದಸಾಬರು ತಾಲೀಮಿನ ಉಸ್ತಾದರಲ್ಲವೇ, ಹೆಂಗಸರು ಅವರ ಗರಡಿಮನೆಯ ಹೊಸ್ತಿಲು ದಾಟುವಂತಿಲ್ಲ. ಆದರೆ ನಲವತ್ತು ವರ್ಷ ಪೈಲ್ವಾನರಿಗೆ ಬೇಯಿಸಿ ಹಾಕಿದ ಚಾಚಿಗೆ ತಿಳಿಯದ್ದು ಏನಿದೆ? ನಾನು ವಿಷಯ ಹೇಳುವಾಗ ಉಸ್ತಾದರೂ ಅಲ್ಲೇ ಕುಳಿತಿದ್ದರು. ತಲೆ ಅಲ್ಲಾಡಿಸಿದರು.

"ಮೊದ್ಲ ತೂಕ ಪೂರಾ ಇಳಸ್ಲಿ, ಆಮ್ಯಾಲ ಬಲ ಮಾಡ್ಲಿ. ಹಾಲು ಬದಾಮಿ ಇಲ್ಲದ ಕಸರತ್ತ ಮಾಡಿದ್ರ ಮೈ ಸುಟ್ಟ ಹೋಗತೈತಿ."

"ನಿಮ್ಮ ಹುಡುಗ್ರು ಬಡಕಲ ಬರ್ತಾರ, ಅವರಿಗೆ ತುಪ್ಪಾ ಸುರೀತೀರಿ," ಎಂದಳು ಚಾಚಿ. "ಈಕಿ ಮೈಯಾಗ ಎರಡ ವರ್ಷಕ್ಕ ಆಗೂವಷ್ಟ ತುಪ್ಪಾ ಮೊದ್ಲ ಐತಿ. ಅದನ್ನ ಸುಡ್ಲಿ ಬಿಡ್ರಿ."

"ಉಸ್ತಾದ ನಾನೋ ನೀನೋ?"

"ತಾಲೀಮಿಗೆ ನೀವು. ಹಿತ್ತಲಕ್ಕ ನಾನು."

ಹೀಗೆ ಅವರ ಹಿತ್ತಲಲ್ಲಿ ನನ್ನ ತಾಲೀಮು ಶುರುವಾಯಿತು. ಮೊದಲು ಗೋಡೆ ಹಿಡಿದು ಹತ್ತು ಬಸ್ಕಿ. ಆಮೇಲೆ ಸಣ್ಣ ಚೀಲದಲ್ಲಿ ಹತ್ತು ಕಿಲೋ ಜೋಳ. ಚೀಲವನ್ನು ಹೊರಸಿನ ಮೇಲೆ ಅಡ್ಡ ಮಲಗಿಸಿ, ಮೈಗೆ ಹತ್ತಿಸಿಕೊಂಡು ಎತ್ತಬೇಕು, ಮೂರು ಹೆಜ್ಜೆ ನಡೆದು ಕಟ್ಟೆಯ ಮೇಲೆ ಇಡಬೇಕು. "ಟೊಂಕಾ ಬಗ್ಗಿಸಬ್ಯಾಡಬೇ, ಮೊಣಕಾಲ ಬಗ್ಗಿಸು. ಉಸರ ಹಿಡಿಬ್ಯಾಡ. ಚೀಲಕ್ಕ ಹೆದರತಿಯೇನ, ಅದೇನ ಕಡಿತೈತಿ?" ಎಂದು ಚಾಚಿ ಎದುರು ನಿಂತು ಒದರುತ್ತಿದ್ದಳು. ದಿನ ಬಿಟ್ಟು ದಿನ ಮಾಡಿಸುವಳು, ನಡುವಿನ ದಿನ ಬಂದರೆ ಅಟ್ಟಿಬಿಡುವಳು. ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಒಂದೆರಡು ಕಿಲೋ ಜೋಳ ಹೆಚ್ಚಾಗುತ್ತಿತ್ತು, ತಿಂಗಳಿಗೊಮ್ಮೆ ಕಾಟಾದ ಮೇಲೆ ನಾನು ಒಂದು ಕಿಲೋ ಕಡಿಮೆಯಾಗುತ್ತಿದ್ದೆ. ಎರಡೂ ಅಂಕೆಗಳನ್ನು ಡೈರಿಯಲ್ಲಿ ಪಕ್ಕಪಕ್ಕ ಬರೆದೆ. ಕೆಳಗೆ ಒಂದೊಂದು ಸಲ ನಿನ್ನ ಹೆಸರನ್ನೂ ಬರೆದಿದ್ದೇನೆ. ಇವತ್ತು ಅದನ್ನು ನೋಡಿದರೆ ನಾಚಿಕೆಯಾಗುತ್ತದೆ.

ಊರಿಗೆ ಗೊತ್ತಾಗದೆ ಇರುತ್ತದೆಯೇ? "ಗುರವ್ವಕ್ಕಾ, ಕುಸ್ತಿಗೆ ಹೆಸರ ಬರಸೀಯೇನ? ಗೆದ್ರ ಬೆಳ್ಳಿ ಕಡೇ ನಮ್ಮೂರಿಗೇ ತರಬೇಕ ಮತ್ತ!" ಎಂದು ನಕ್ಕರು. ನಾನೂ ನಕ್ಕೆ. ಆದರೆ ಒಬ್ಬಳು ಹಿಂದಿನಿಂದ, "ಗಂಡ ಹೋದ ಮ್ಯಾಲ ಯಾರಿಗೆ ತೋರಸಾಕ ಈ ಸಣ್ಣ ನಡಾ?" ಎಂದಳು. ಅವತ್ತು ಕೊಡವನ್ನು ಅಲ್ಲೇ ಬಿಟ್ಟು ಬಂದೆ. ಡೈರಿಯಲ್ಲಿ ಆ ದಿನ ಒಂದು ಸಾಲೂ ಇಲ್ಲ.

ಶ್ರಾವಣದಲ್ಲಿ ನಿನ್ನ ಪತ್ರ ಬಂತು. ಅವ್ವ ನಿನ್ನ ಮಗಳಿಗೆ ಬಲಗೈಯಿಂದ ಜಡೆ ಹಿಡಿದು ಕೊಡುತ್ತಾಳೆ, ಮನೆಯಲ್ಲಿ ಎಲ್ಲರ ಕೂಡ ನಗುತ್ತಾಳೆ ಎಂದು ಬರೆದಿದ್ದೆ. ನನಗೆ ತಡೆಯಲಾಗಲಿಲ್ಲ. ಬೇಗ ಬೇಗ ಆಗಬೇಕು, ದಸರೆಯೊಳಗೆ ಅವ್ವನನ್ನು ತರಬೇಕು ಎಂದು ಒಪ್ಪತ್ತು ಮಾಡಿದೆ. ಇದ್ದ ಎರಡು ರೊಟ್ಟಿ ಒಂದಾಯಿತು. ಸೋಮವಾರ ಪೂರಾ ಉಪವಾಸ. ಊರವರ ಕಣ್ಣಿಗೆ ಅದು ಶ್ರಾವಣದ ಭಕ್ತಿ, ಶಿವನಿಗೆ ಮಾತ್ರ ನಿಜ ಗೊತ್ತು. ಮೂರನೆಯ ಸೋಮವಾರ ಮೂವತ್ತು ಕಿಲೋದ ಚೀಲ ಎತ್ತಿದೆ, ಕಣ್ಣು ಕತ್ತಲೆಯಾಯಿತು. ಚೀಲ ಬಿದ್ದು ಒಡೆದು ಹಿತ್ತಲ ತುಂಬ ಜೋಳ. ಚಾಚಿಯ ಕೋಳಿಗಳಿಗೆ ಹಬ್ಬವಾಯಿತು. ನಾನು ಜೋಳದ ಮೇಲೆ ಕುಳಿತು ಅತ್ತೆ.

"ಹಸದ ಮೈಲೆ ಭಾರ ಎತ್ತಾಕ ಬಂದೀಯೇನಬೇ? ಕಟಗಿ ಇಲ್ಲದ ಒಲಿ ಉರೀತೈತೇನ?" ಎಂದು ಚಾಚಿ ಬೈದಳು. ಬೈಯುತ್ತಲೇ ಬೆಲ್ಲದ ನೀರು ಕುಡಿಸಿದಳು. "ತತ್ತಿ ತಿನ್ನು ಅನ್ನೂಣಂದ್ರ ನೀವು ಲಿಂಗಾ ಕಟ್ಟಿದವರು. ಮಡಿಕಿ ಕಾಳ ಮೊಳಕಿ ಒಡಸಿ ತಿನ್ನು. ಗಟ್ಟಿ ಮೊಸರ ತಿನ್ನು. ರೊಟ್ಟಿ ಎರಡಽ ಇರ್ಲಿ. ಸಾವಕಾಶ ಇಳಿದ್ರ ಬಲಾ ಉಳೀತೈತಿ, ಅವಸರಲೆ ಇಳಿದ್ರ ಎಲುವ ಉಳೀತಾವ. ಯಾರ ಮ್ಯಾಲ ಸಿಟ್ಟ ಹಿಡದೀ ನೀ?"

ನಾನು ಎದ್ದು ಚೆಲ್ಲಿದ ಜೋಳ ಬಾಚತೊಡಗಿದೆ.

ಚಾಚಿ ಹೇಳಿದಂತೆ ಉಂಡೆ. ಮಹಾನವಮಿಯ ಹಿಂದಿನ ದಿನ ಮೂವತ್ತೊಂಬತ್ತು ಕಿಲೋದ ಚೀಲವನ್ನು ಎತ್ತಿ ಹತ್ತು ಹೆಜ್ಜೆ ನಡೆದೆ. ನಾನು ಅರವತ್ತೇಳಕ್ಕೆ ಬಂದಿದ್ದೆ. ಗೋಡೆಯ ಆಚೆಯಿಂದ ಉಸ್ತಾದರು, "ಶಾಬಾಸ!" ಎಂದರು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನಿನ್ನ ಮನೆಗೆ ಬಂದದ್ದು ಹಬ್ಬಕ್ಕಲ್ಲ. ಎಲ್ಲರ ಮುಂದೆ ಅವ್ವನನ್ನು ಎತ್ತಿ ತೋರಿಸಿ, ಇನ್ನು ಇವಳು ನನ್ನವಳು ಎಂದು ಕರೆದುಕೊಂಡು ಬರಬೇಕೆಂದು ಬಂದೆ. ಶಿದ್ಲಿಂಗಪ್ಪನವರು, "ಅಕ್ಕಾರು ಅರ್ಧಾ ಆಗ್ಯಾರಲ್ಲ, ಉಳಿದ ಅರ್ಧಾ ಯರಗುಪ್ಪ್ಯಾಗ ಬಿಟ್ಟ ಬಂದಾರೇನ?" ಎಂದು ನಗಿಸಿದರು. ನೀನು ನಗಲಿಲ್ಲ. "ಭಾವ ಹೋದ ಕೊರಗಿನಾಗ ಇಷ್ಟ ಸೊರಗೀಯೇನಕ್ಕಾ?" ಎಂದು ನನ್ನ ಕೈ ಹಿಡಿದು ಕಣ್ಣೀರು ತೆಗೆದೆ.

ಆಮೇಲೆ ನೀನು ಅವ್ವನನ್ನು ಎತ್ತಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕೂಡ ಮಾತಾಡುತ್ತಲೇ ಎತ್ತಿದೆ. ಅವ್ವ ಬಲಗೈಯನ್ನು ನಿನ್ನ ಕೊರಳಿಗೆ ಹಾಕಿದಳು, ಕೇಳದೆಯೇ. ಒಂಬತ್ತು ತಿಂಗಳ ನನ್ನ ಬಸ್ಕಿ, ನನ್ನ ಚೀಲ ಎಲ್ಲ ಅಲ್ಲೇ ಮಣ್ಣಾಯಿತು.

ಮಧ್ಯಾಹ್ನ ಶಿದ್ಲಿಂಗಪ್ಪನವರು ಬನ್ನಿ ತರಲು ಹೋದರು, ನೀನು ಹಿತ್ತಲಲ್ಲಿ ಹೋಳಿಗೆಯ ಒಲೆ ಮುಂದೆ ಇದ್ದೆ. ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ಮೊಣಕಾಲು ಬಗ್ಗಿಸಿ ಎರಡೂ ಕೈ ಕೊಟ್ಟು ಎತ್ತಿದೆ. ಬಂದಳು, ಸಾವಿತ್ರಿ! ನನ್ನ ಕಾಲು ನಡುಗಲಿಲ್ಲ. ಕೋಣೆಯ ಆ ತುದಿಗೆ ಒಯ್ದು ತಿರುಗಿ ತಂದೆ. ಕಣ್ಣು ತೆರೆಯದೆ ಅವ್ವ, "ಸಾವೀ, ಬ್ಯಾಳಿ ಬೆಂದಾವೇನ?" ಎಂದಳು.

ಅವಳನ್ನು ಮಲಗಿಸಿದೆ. ನನ್ನ ಬಟ್ಟೆಯ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ. ಆಗಿದ್ದು ಇಷ್ಟು.

ಈಗ ನನಗೆ ಶಕ್ತಿ ಇದೆ, ಅದನ್ನು ನೀನೇ ಬಂದು ನೋಡಬಹುದು. ಚಾಚಿಯೂ ಕೈ ಹಚ್ಚುತ್ತಾಳೆ, ಈ ಸಲ ಬೇಡವೆನ್ನುವುದಿಲ್ಲ. ದೀಪಾವಳಿ ಮುಗಿದ ಮೇಲೆ ಟೆಂಪೋ ಹೇಳಿ ಕಳಿಸುತ್ತೇನೆ. ಅವ್ವನನ್ನು ಅವಳ ಮನೆಗೆ ಕಳಿಸಿಕೊಡು. ನನ್ನ ಹೊಟ್ಟೆಕಿಚ್ಚಿಗೆ ಬೇಡ, ಅವಳ ಮನೆ ಇದು ಎಂಬುದಕ್ಕೆ ಕಳಿಸು. ಮಕ್ಕಳಿಗೆ ನನ್ನ ಮುದ್ದು.

ಎಷ್ಟಾದರೂ ನಿನ್ನ ಅಕ್ಕ,
ಗುರವ್ವ

ತಾ.ಕ.: ಪತ್ರ ಮಡಚಿ ಅಂಟಿಸಬೇಕೆಂದವಳು ಮತ್ತೆ ಬಿಚ್ಚಿದೆ. ಆಗಿದ್ದು ಇಷ್ಟೇ ಎಂದು ಬರೆದದ್ದು ಪೂರಾ ನಿಜವಲ್ಲ. ಅವ್ವ ನಿನ್ನ ಹೆಸರು ಹಿಡಿದಾಗ ನಾನು ಅವಳ ಎಡ ರಟ್ಟೆಯನ್ನು ಗಟ್ಟಿಯಾಗಿ ಒತ್ತಿ, "ನಾ ಸಾವಿ ಅಲ್ಲ, ಗುರವ್ವ," ಎಂದೆ. ಅದು ಅವಳಿಗೆ ನೋವು ತಿಳಿಯದ ಕೈ ಎಂದು ನನಗೆ ಗೊತ್ತಿತ್ತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಅದಕ್ಕೇ ಅಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಮೈ ತೊಳೆಯುವಾಗ ನನ್ನ ನಾಲ್ಕು ಬೆರಳು ಅವಳ ರಟ್ಟೆಯ ಮೇಲೆ ನಿನಗೆ ಕಂಡಿರಲೇಬೇಕು. ನಿನ್ನ ಪತ್ರದಲ್ಲಿ ಅದರ ಮಾತೇ ಇಲ್ಲ. ಅದನ್ನು ಕಂಡೂ, ತಪ್ಪು ನಿಮ್ಮದೋ ಎಂದು ಕೇಳಿದ್ದೀ.

ಟೆಂಪೋ ಕಳಿಸುವುದಿಲ್ಲ. ಅವ್ವ ಅಲ್ಲೇ ಇರಲಿ. ಬರಬೇಡ ಎಂದು ನೀನು ಅನ್ನದಿದ್ದರೆ ದೀಪಾವಳಿಗೆ ನಾನೇ ಬಂದು ಎಂಟು ದಿನ ಇರುತ್ತೇನೆ. ನೀನು ಎತ್ತು, ನಾನು ಬಾಜೂಕ್ಕೆ ಇರುತ್ತೇನೆ. ಆ ಗುರುತು ಹೋಗಿದೆಯೋ ಇನ್ನೂ ಇದೆಯೋ, ಅಷ್ಟನ್ನು ಒಂದು ಕಾರ್ಡಿನಲ್ಲಿ ಬರೆ.