ಅಚ್ಚುಗಾರ ಪೆಲ್ ಇಲ್ಲಿಲ್ಲ

1679, ಫೆಬ್ರವರಿ 3
ಬೆಳಿಗ್ಗೆ ಕೋಣೆಗಳಿಗೆ ಬಾರ್ಲಿ ಗಂಜಿ ಹಂಚಿದೆ. ಅಚ್ಚುಗಾರ ಜೋಸಿಯಸ್ ಪೆಲ್ ಮುಟ್ಟಲಿಲ್ಲ. ರಾಜನ ವಿರುದ್ಧ ಏನೋ ಅಚ್ಚು ಹಾಕಿದನಂತೆ. ಆರೋಪವಿಲ್ಲ, ವಿಚಾರಣೆಯಿಲ್ಲ. ನನಗೇನು, ಬೀಗ ಹಾಕುವುದಷ್ಟೇ ನನ್ನ ಕೆಲಸ.

ಮಧ್ಯಾಹ್ನ ಅವನ ಹೆಂಡತಿ ಟ್ಯಾಮ್ಸಿನ್ ಬಂದಳು. ಕೈಯಲ್ಲಿ ಲಂಡನ್ನಿನ ನ್ಯಾಯಾಲಯದ ಆಜ್ಞೆ... ಹೇಬಿಯಸ್ ಕಾರ್ಪಸ್. ಇವನನ್ನು ನಮ್ಮ ಮುಂದೆ ತಂದು ನಿಲ್ಲಿಸಿ, ಯಾಕೆ ಹಿಡಿದಿಟ್ಟಿದ್ದೀರಿ ಹೇಳಿ, ಎಂದು.

ಜೈಲರ್ ಗಾಸ್ನಲ್ಡ್ ಸಾಹೇಬರು ಓದಿ ನಕ್ಕರು. "ನಾಳೆ ಬಾರಮ್ಮ. ಇವತ್ತು ಕಣ್ಣು ಮಂಜು."

ಅವಳು ಹೋದ ಮೇಲೆ ನನಗೆ: "ಅವನು ಯಾರ ಹತ್ರ ಇದಾನೋ ಅವರಿಗೆ ಕಣೋ ಈ ಆಜ್ಞೆ. ನಮ್ಮ ಹತ್ರ ಇಲ್ದೇ ಹೋದ್ರೆ?"

ಫೆಬ್ರವರಿ 4
ಪೆಲ್‌ನನ್ನು ಗಾಡಿಗೆ ಹಾಕಿ ಪಕ್ಕದ ಊರಿನ ಸೆರೆಮನೆಗೆ ಬಿಟ್ಟು ಬಂದೆ. ಟ್ಯಾಮ್ಸಿನ್ ಕಾಯುತ್ತಿದ್ದಳು.

"ಇಲ್ಲಿಲ್ಲ ತಾಯಿ," ಎಂದರು ಸಾಹೇಬರು.

"ಎಲ್ಲಿದಾರೆ ಸ್ವಾಮಿ?"

"ಅದನ್ನ ಹೇಳ್ಬೇಕು ಅಂತ ನಿಮ್ಮ ಕಾಗದದಲ್ಲಿ ಬರ್ದಿಲ್ವಲ್ಲ!"

ಕಾವಲಿನವರೆಲ್ಲ ನಕ್ಕರು. ನಾನೂ.

ಮಾರ್ಚ್ 19
ಟ್ಯಾಮ್ಸಿನ್ ಪಕ್ಕದ ಊರಿನ ಸೆರೆಮನೆಯ ಹೆಸರಿಗೆ ಹೊಸ ಆಜ್ಞೆ ತಂದಳಂತೆ. ಅಷ್ಟರಲ್ಲಿ ಪೆಲ್ ವಾಪಸ್ ನಮ್ಮಲ್ಲಿ. ಕೆಮ್ಮು ಜೋರು. "ನಮ್ಮವಳು ಬಂದಿದ್ಲಾ?" ಎಂದ. "ಯಾರು?" ಎಂದೆ.

ಏಪ್ರಿಲ್ 22
ಇವತ್ತು ಅವನನ್ನು ಜರ್ಸಿ ದ್ವೀಪದ ಹಡಗು ಹತ್ತಿಸಿದೆ. ಅಲ್ಲಿ ಲಂಡನ್ನಿನ ಆಜ್ಞೆಗೆ ಯಾರೂ ಸೊಪ್ಪು ಹಾಕುವುದಿಲ್ಲ, ಸಾಹೇಬರ ಮಾತು. "ಅಲ್ಲಿ ನ್ಯಾಯ ಕೇಳೋರು ಯಾರಿದಾರೆ?" ಎಂದ ಪೆಲ್. "ಮೀನು" ಎಂದೆ.

ಜೂನ್ 6
ಹೊಸ ಕಾಯ್ದೆ ಬಂದಿದೆ. ಆಜ್ಞೆ ಕಡೆಗಣಿಸಿದರೆ ದಂಡ, ಕಡಲಾಚೆ ಸಾಗಿಸಿದರೆ ಇನ್ನೂ ದೊಡ್ಡ ದಂಡ. ಸಾಹೇಬರ ಮುಖ ಬಿಳುಚಿತು. ಆಮೇಲೆ ಕೆಳಗಿನ ಸಾಲು ಓದಿದರು: ವಾರಂಟಿನಲ್ಲಿ ರಾಜದ್ರೋಹ ಎಂದಿದ್ದರೆ ಕೂಡಲೇ ಜಾಮೀನು ಕೊಡಬೇಕಿಲ್ಲ.

"ಸರಿ ಬಿಡು. ಇನ್ಮೇಲೆ ಬರೋರೆಲ್ಲ ದ್ರೋಹಿಗಳೇ."

ಜುಲೈ 11
ಟ್ಯಾಮ್ಸಿನ್ ಬಂದಳು. ತಲೆ ಎತ್ತಿ ಮಾತಾಡಿದಳು. "ಈಗ ಕಾನೂನು ಬಂದಿದೆ. ಹೇಳ್ಲೇಬೇಕು ನೀವು."

ಸಾಹೇಬರು ಹೇಳಿಯೇಬಿಟ್ಟರು: ಜರ್ಸಿಯಲ್ಲಿ, ಮೇ ತಿಂಗಳಲ್ಲಿ, ಜ್ವರ. ಕಾಯ್ದೆಗೆ ಮುಂಚೆಯೇ.

"ಹಾಗಾದ್ರೆ ಹೆಣನಾದ್ರೂ ತರಿಸ್ಕೊಡಿ."

"ಬದುಕಿರೋರಿಗೆ ಕಣಮ್ಮ ಆ ಆಜ್ಞೆ."

ನನ್ನ ಕಡೆ ತಿರುಗಿದಳು. "ಹಡಗು ಹತ್ತಿಸಿದ್ದು ನೀವಂತೆ. ಹೋಗ್ತಾ ಏನಾದ್ರೂ ಅಂದ್ರಾ?"

ಅಂದಿದ್ದ. ಹಡಗಿನ ಹಗ್ಗ ಬಿಚ್ಚುವಾಗ ಮೇಲಿಂದ ಕೂಗಿದ್ದ, ಅವಳಿಗೆ ತಿಳಿಸು ಎಂದು.

"ಏನೂ ಅನ್ಲಿಲ್ಲ" ಎಂದೆ.

ತಲೆಯಾಡಿಸಿ ಹೊರಟಳು. ಯಾಕೆ ಹಾಗೆಂದೆನೋ. ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಎರಡೇ ಮಾತು. ಅವನು ಕೂಗಿದ್ದು: "ನಾನು ಇಲ್ಲಿದೀನಿ."