ಗುಮ್ಮಟದ ಕೆಳಗೆ ಕೂಗಿದ ಹೆಸರು

ಕರ್ದಾಮಿಲಾ, ಖಿಯೋಸ್ ದ್ವೀಪ
೯ ಜೂನ್ ೨೦೦೩

ಪ್ರೀತಿಯ ತಮ್ಮ ಇಸಿದೋರ,

ಹೇಗಿದ್ದೀಯೋ? ಇಂಜಿನ್ ರೂಮಿನ ಶಾಖಕ್ಕೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹಡಗಿನ ಅಡುಗೆಯವನು ಚೆನ್ನಾಗಿ ಬಡಿಸುತ್ತಾನಂತೆ, ಹೊಟ್ಟೆ ಬಂದಿದೆಯಂತೆ, ನಿನ್ನ ಹೆಂಡತಿ ಕಲ್ಲಿಯೋಪಿ ಹೇಳಿದಳು. ಇಲ್ಲಿ ಅವಳು ಗುಂಡುಕಲ್ಲಿನ ಹಾಗಿದ್ದಾಳೆ, ಮಗಳು ಅವಳಿಗಿಂತ ಗಟ್ಟಿ. ನಿನ್ನೆ ಮಗುವಿನ ದೀಕ್ಷಾಸ್ನಾನ ಆಯಿತು. ಮಗುವಿನ ಪರವಾಗಿ ಗುರುಗಳಿಗೆ ಉತ್ತರ ಕೊಡುವ ಜ್ಞಾನತಾಯಿಯಾಗಿ ಎತ್ತಿಕೊಂಡವಳು ನಾನೇ. ಈ ಸುದ್ದಿಯನ್ನು ಫೋನಿನಲ್ಲಿ ಯಾರೂ ನಿನಗೆ ಹೇಳಕೂಡದೆಂದು ಎಲ್ಲರಿಂದಲೂ ಆಣೆ ಹಾಕಿಸಿಕೊಂಡಿದ್ದೇನೆ. ಹೇಳುವ ಹಕ್ಕು ನನ್ನದು. ಫೋನಿನ ಮಾತು ನನಗಿನ್ನೂ ಕಲಸುಮೇಲೋಗರ, ಅದಕ್ಕೇ ಈ ಕಾಗದ.

ನೀನೇನೋ "ನಮ್ಮಕ್ಕನೇ ಆಗ್ಬೇಕು" ಎಂದು ಹಠ ಹಿಡಿದು ಹಡಗು ಹತ್ತಿದೆ. ಆಮೇಲೆ ನಮ್ಮ ಸೋದರತ್ತೆ ಸೆವಸ್ತಿಯ ಬಾಯಿ ಸುಮ್ಮನಿರಬೇಕಲ್ಲ. "ಗುರುಗಳು ಒಂದು ಕೇಳ್ತಾರೆ, ಇವಳು ಇನ್ನೊಂದು ಹೇಳ್ತಾಳೆ. ಅದು ದೀಕ್ಷೆ ಅಂತ ಲೆಕ್ಕಕ್ಕೆ ಬರುತ್ತೇನ್ರೇ?" ಎಂದು ಮನೆಮನೆಗೂ ಹಂಚಿಕೊಂಡು ಬಂದಳು. ನನಗೆ ಉರಿದುಹೋಯಿತು, ಆದರೆ ಒಳಗೊಳಗೇ ಹೆದರಿಕೆಯೂ ಇತ್ತು. ಈ ಕಿವುಡು ಕಿವಿಗೆಂದು ತಲೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಯಂತ್ರ ಕೂರಿಸಿದ ಮೇಲೆ ಅಡುಗೆಮನೆಯಲ್ಲಿ ಕಲ್ಲಿಯೋಪಿ ಗೊಣಗುವುದೂ ನನಗೆ ಕೇಳಿಸುತ್ತದೆ. ಚರ್ಚಿನ ಗುಮ್ಮಟದ ಕೆಳಗೆ ಮಾತ್ರ ಒಂದು ಮಾತು ಮುಗಿಯುವ ಮೊದಲೇ ಅದರ ಪ್ರತಿಧ್ವನಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ನಿಮ್ಮ ಕಿವಿ ಬೇಕಾದ್ದನ್ನು ಹಿಡಿದು ಮಿಕ್ಕಿದ್ದನ್ನು ಬಿಡುತ್ತದೆ. ನನ್ನ ಯಂತ್ರ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯುತ್ತದೆ. ತಪ್ಪಿದರೆ ಊರ ಮುಂದೆ ನನ್ನ ಮಾನ ಹೋಗುವುದಿರಲಿ, ಮಗುವಿನ ದೀಕ್ಷೆಯ ಮೇಲೇ ಜೀವನಪೂರ್ತಿ ಗುಸುಗುಸು.

ಅದಕ್ಕೇ ಪಾದ್ರಿ ಪಂಡೆಲಿಸ್ ಅವರನ್ನು ಖಾಲಿ ಚರ್ಚಿಗೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಿದೆ. ಅವರ ಕಂಠ ನಿನಗೆ ಗೊತ್ತಲ್ಲ, ಕೇಳುವುದಕ್ಕೆಂದೇ ಪಕ್ಕದ ಊರಿನಿಂದ ಜನ ಬರುತ್ತಾರೆ. ನನಗೆ ತಿಳಿಯಲಿಲ್ಲವೆಂದರೆ ಇನ್ನೂ ಜೋರು ಮಾಡುವರು. ಜೋರು ಮಾಡಿದಷ್ಟೂ ಗುಮ್ಮಟಕ್ಕೇ ಹಬ್ಬ. ಕೊನೆಗೆ, "ಗುರುಗಳೇ, ನನ್ನ ಹತ್ತಿರ ಬಂದು ಅಡುಗೆಮನೆ ದನಿಯಲ್ಲಿ ಕೇಳಿ" ಎಂದೆ. ಅವರ ಮುಖ ಇಷ್ಟು ಚಿಕ್ಕದಾಯಿತು. "ಇಷ್ಟು ವರ್ಷ ಯಾರೂ ನನ್ನ ದನಿ ಕಮ್ಮಿ ಮಾಡು ಅಂದಿರಲಿಲ್ಲ ಕಣಮ್ಮ" ಎಂದರು. ಆದರೂ ಒಪ್ಪಿದರು, ಪುಣ್ಯಾತ್ಮರು.

ನಿನ್ನೆ ಮೊದಲ ಭಾಗ ಬಾಗಿಲ ಬಳಿಯ ಮುಂಗೋಣೆಯಲ್ಲಿ. ಅಲ್ಲಿ ಮಾಡು ತಗ್ಗು, ಪ್ರತಿಧ್ವನಿಯಿಲ್ಲ. ಸೈತಾನನನ್ನು ತ್ಯಜಿಸುವೆಯಾ ಎಂದು ಕೇಳಿದಾಗಲೆಲ್ಲ ಟಣ್ಣನೆ ಉತ್ತರ ಕೊಟ್ಟೆ. ಆಮೇಲೆ ಪದ್ಧತಿಯಂತೆ ಪಶ್ಚಿಮದ ಬಾಗಿಲ ಕಡೆ ತಿರುಗಿ ಸೈತಾನನ ಮೇಲೆ ಥೂ ಎಂದು ಉಗಿಯಬೇಕಲ್ಲ? ಉಗಿದೆ. ಅದೇ ಹೊತ್ತಿಗೆ ಆ ಬಾಗಿಲಿನಿಂದ ಒಳಗೆ ಬಂದವರು ಯಾರು ಹೇಳು? ತಡವಾಗಿ ಹೊರಟ ನಮ್ಮ ಸೆವಸ್ತಿ ಅತ್ತೆ, ಹೊಸ ಟೋಪಿ ಹಾಕಿಕೊಂಡು. ಜನ ನಕ್ಕ ನಗುವಿಗೆ ಮಗು ಬೆಚ್ಚಿಬಿತ್ತು. ಬೇಕಂತಲೇ ಉಗಿದಳು ಎನ್ನುತ್ತಾಳೆ ಅತ್ತೆ. ಇಲ್ಲ ಕಣೋ, ದೇವರಾಣೆ. ಆದರೆ ಖುಷಿಯಂತೂ ಆಯಿತು.

ಆ ಖುಷಿ ಗುಮ್ಮಟದ ಕೆಳಗೆ ಇಳಿದುಹೋಯಿತು. ಅಲ್ಲೇ ಜ್ಞಾನತಾಯಿ ಮಗುವಿನ ಹೆಸರು ಹೇಳಬೇಕು. ಅಲ್ಲಿಯವರೆಗೆ ಯಾರಿಗೂ ಗೊತ್ತಿರಬಾರದು, ಹೆತ್ತ ತಾಯಿಯೂ ಹೊರಗೇ ಕಾಯಬೇಕು. ತನ್ನ ಹೆಸರೇ ಇಡುತ್ತಾರೆಂದು ಸೆವಸ್ತಿ ಅತ್ತೆಗೆ ಆಸೆ, ತನ್ನದೇ ಎಂದು ಕಲ್ಲಿಯೋಪಿಯ ಅಮ್ಮನಿಗೂ ಆಸೆ. ಎಣ್ಣೆ ಹಚ್ಚಿದ ಮಗು ನನ್ನ ಕೈಯಲ್ಲಿ ಮೀನಿನ ಹಾಗೆ ಜಾರುತ್ತಿದೆ. ತುಂಬಿದ ಚರ್ಚು ಕಂಡ ಗುರುಗಳಿಗೆ ಅಭ್ಯಾಸವೆಲ್ಲ ಮರೆತು ಹಳೆಯ ದನಿ ಬಂದುಬಿಟ್ಟಿತು. ನನಗೆ ಬರೀ ಗುಂಯ್. ಹೆಸರು ಕೇಳಿದರೋ, ಮಂತ್ರವೇ ನಡೆಯುತ್ತಿದೆಯೋ ಒಂದೂ ತಿಳಿಯದು. ಗಡ್ಡ ಬಾಯಿಗೆ ಅಡ್ಡ, ತುಟಿಯೂ ಕಾಣದು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಅತ್ತೆ ಕಣ್ಣಲ್ಲೇ, ನಾನು ಹೇಳಲಿಲ್ವಾ ಎನ್ನುತ್ತಿದ್ದಾಳೆ. ಆದರೂ ಊಹಿಸಿ ಹೇಳಬಾರದೆಂದು ಹಲ್ಲು ಕಚ್ಚಿ ನಿಂತೆ. ಬಾಯಿಬಿಟ್ಟೇ ಅಂದೆ: "ಗುರುಗಳೇ, ನಂಗೆ ಕೇಳಿಸ್ಲಿಲ್ಲ. ಅಡುಗೆಮನೆ ದನಿ."

ಆ ದೊಡ್ಡ ಮನುಷ್ಯ ಹಾಡು ನಿಲ್ಲಿಸಿದರು. ಮಗುವನ್ನು ಮುಳುಗಿಸುವ ಕೊಳಗದ ಪಕ್ಕ ಬಾಗಿ, ನನ್ನ ಯಂತ್ರವಿರುವ ಕಿವಿಗೆ ಗಡ್ಡ ತಾಗುವಷ್ಟು ಹತ್ತಿರ ಬಂದು, ಉಪ್ಪು ಕೇಳುವ ಹಾಗೆ ಕೇಳಿದರು: "ಹೆಸರೇನಮ್ಮಾ ಅರ್ಗಿರೋ? ಬೇಗ ಹೇಳು, ಮಗೂಗೆ ಚಳಿ." ಒಂದೊಂದು ಅಕ್ಷರವೂ ಕೇಳಿಸಿತು. ನಾನು ಗಂಟಲು ಹರಿಯುವ ಹಾಗೆ ಹೆಸರು ಕೂಗಿದೆ. ಮಕ್ಕಳೆಲ್ಲ ಕಲ್ಲಿಯೋಪಿಗೆ ಮೊದಲು ಹೇಳಿ ಬಹುಮಾನ ಹೊಡೆಯಲು ಅಂಗಳಕ್ಕೆ ಓಡಿದರು. ಅವಳು ಅಳುತ್ತ ನಗುತ್ತ ಬಂದು ಬಾಗಿಲಲ್ಲಿ ನಿಂತಳು. ಊಟದಲ್ಲಿ ಅತ್ತೆಗೆ ಸಕ್ಕರೆ ಬಾದಾಮಿಯ ಪೊಟ್ಟಣ ಎರಡು ಕೊಟ್ಟೆ. ಕೋಪ ಅರ್ಧ ಇಳಿದಿದೆ.

ನಾವಿಕರನ್ನು ಕಾಯುವ ಸಂತ ನಿಕೊಲಾವೋಸನ ಮುಂದೆ ನಿನಗಾಗಿ ಬತ್ತಿ ಹಚ್ಚಿದ್ದೇನೆ. ಸಮುದ್ರ ನಿನ್ನನ್ನು ಜೋಪಾನವಾಗಿ ನಮಗೆ ತಂದುಕೊಡಲಿ. ಬಂದಾಗ ಮಗಳು ನಿನ್ನ ಮೀಸೆ ಎಳೆಯದಿದ್ದರೆ ಕೇಳು.

ನಿನ್ನ ಅಕ್ಕ,
ಅರ್ಗಿರೋ

ಮರೆತಿದ್ದೆ: ಲಕೋಟೆ ಅಂಟಿಸುವಾಗ ಕಲ್ಲಿಯೋಪಿ, "ಹೆಸರು ಬರೆದ್ರಾ ಅತ್ತಿಗೆ?" ಎಂದಳು. ಬರೆದೇ ಇಲ್ಲ ನೋಡು. ಮರ್ಕೆಲಾ. ನಮ್ಮಮ್ಮನ ಹೆಸರು. ಜೀವ ಹೋಗುವಾಗ ಅಮ್ಮ ನನಗೇನೋ ಹೇಳುತ್ತಲೇ ಇದ್ದಳು, ಆಗ ಈ ಯಂತ್ರವಿರಲಿಲ್ಲ, ನನಗೆ ಒಂದೂ ಕೇಳಿಸಲಿಲ್ಲ, ನೀನೂ ಪಕ್ಕದಲ್ಲೇ ಇದ್ದೆಯಲ್ಲ. ನಿನ್ನೆ ನಾನು ಒಂದು ಸಲ ಕೂಗಿದೆ, ಗುಮ್ಮಟ ಮತ್ತೆ ಮತ್ತೆ ಕೂಗಿತು. ಗೊತ್ತಿರುವ ಹೆಸರಲ್ಲವೇ, ಪ್ರತಿ ಸಲವೂ ಸ್ಪಷ್ಟವಾಗಿ ಕೇಳಿಸಿತು ಕಣೋ.